ಕಾವಲಿಯ ಮುಂದೆ ನೀಲಾವತಿ

ಸಾಂಬಾರಿನ ಘಮ ಇರಬೇಕಾದಲ್ಲಿ ಫಿನಾಯ್ಲಿನ ವಾಸನೆ, ಮೂಗಿಗೆ ಬಡಿಯುತ್ತಿದೆ, ಬಡಿಯಲಿ, ಹೋಟೆಲಿನ ಬಾಗಿಲು ತೆರೆದೆವಲ್ಲ, ಗಲ್ಲಾದ ಮೇಲೆ ಕೈಯೂರಿ ಕುಳಿತ ರಮಾನಾಥ ಶೆಟ್ಟಿ ಹೊರಗೆ ನೋಡಿದ, ಮುಂಬಯಿಯ ಈ ವಡಾಲದ ರಸ್ತೆಗೆ ಮತ್ತೆ ಜೀವ ಬಂದಿದೆ, ಐವತ್ತೇಳರ ಈ ಫ್ಲೂ ಜ್ವರ ಯಾವ ಚಾಳನ್ನು ಬಿಟ್ಟಿತು, ಹೋಟೆಲಿನ ಕೆಲಸದವರೋ ರಾತ್ರಿ ಮೇಜು ಜೋಡಿಸಿ ಸಾಲಾಗಿ ಮಲಗುವವರು, ಒಬ್ಬನಿಗೆ ಬಂದದ್ದು ಎಲ್ಲರಿಗೂ ಬಂತು, ಮುಚ್ಚದೆ ವಿಧಿಯಿರಲಿಲ್ಲ, ಈಗ ತೆರೆಯದೆ ವಿಧಿಯಿಲ್ಲ — ಎದುರಿನ ಇರಾನಿ ಹೋಟೆಲಿನ ಚಹಾ ಬಂದರಿನ ಕೂಲಿಗಳ ನಾಲಿಗೆಗೆ ಹತ್ತಿಬಿಟ್ಟರೆ ಈ ಕಡೆ ತಲೆಹಾಕುವವರು ಯಾರು. ದ್ವಾಸಿ ಐತೇನ್ರಿ ಧಣಿ, ಬಂದರಿನ ಗದಿಗೆಪ್ಪ, ಹಿಂದೆ ಅವನ ಜೊತೆಗಾರರು, ಜ್ವರದಾಗ ಬಾಯಿ ಕೆಟ್ಟು ಹೋಗೇತಿ. ಇದೆ, ಇದೆ, ಎಂದುಬಿಟ್ಟ, ಎಂದ ಮೇಲೆ ನೆನಪಾಯಿತು, ದೋಸೆ ಹೊಯ್ಯುವ ಪೂವಪ್ಪ ಒಳಗೆ ಕಂಬಳಿ ಹೊದ್ದು ಕೆಮ್ಮುತ್ತಿದ್ದಾನೆ, ಕೆಮ್ಮು ನಿಲ್ಲುವವರೆಗೆ ಏಳಿಸಬೇಡಿ, ಅವನಿಗೂ ಕೇಡು, ತಿನ್ನುವವರಿಗೂ ಕೇಡು, ಡಾಕ್ಟರು ಹೇಳಿದ್ದಾರೆ, ಆದರೂ ಅವನು ಒಂದು ಗಳಿಗೆ ಒಲೆಯ ಮುಂದೆ ನಿಂತರೆ ಏನು ಮಹಾ — ಅಷ್ಟರಲ್ಲಿ ಅವನೇ ಎದ್ದು ಬಂದ, ಬೈರಾಸು ಸೊಂಟಕ್ಕೆ ಸುತ್ತಿಕೊಂಡು, ಜ್ವರ ಬಿಟ್ಟಿದೆ ಧಣಿ, ನಾನೇ ಹೊಯ್ತೇನೆ, ಮಾತು ಮುಗಿಯುವ ಮೊದಲೇ ಕೆಮ್ಮು.

ಆಗ ಹಿಂಬಾಗಿಲಿನಿಂದ ರಮಾನಾಥನ ಹೆಂಡತಿ ನೀಲಾವತಿ. ಹೋಟೆಲಿನವರ ಮನೆ ಹೆಂಗಸರು ಹಿಂದೆ ಕುಳಿತು ಕಾಯಿ ತುರಿಯಬಹುದು, ಹಿಟ್ಟು ರುಬ್ಬಬಹುದು, ಗಿರಾಕಿಗಳ ಕಣ್ಣಿಗೆ ಬೀಳಬಾರದು, ರಮಾನಾಥನ ಅಪ್ಪ ಹಾಕಿದ ಗೆರೆ, ಮದುವೆಯಾಗಿ ಬಂದಾಗಿನಿಂದ ಅವಳು ಅದನ್ನು ದಾಟಿದವಳಲ್ಲ, ಇವತ್ತು ನೆಟ್ಟಗೆ ಬಂದು ಪೂವಪ್ಪನ ಹಣೆ ಮುಟ್ಟಿದಳು, ಹೋಗಿ ಮಲಗು ಮಾರಾಯ, ಗಂಜಿ ತರ್ತೇನೆ, ನಿನ್ನ ಸಂಬಳ ಎಲ್ಲಿಗೂ ಹೋಗುದಿಲ್ಲ, ಎಂದು ಅವನ ಕೈಯ ಸೌಟು ಕಿತ್ತುಕೊಂಡು ಕುದಿವ ನೀರಿನಲ್ಲಿ ಅದ್ದಿ ಕಾವಲಿಯ ಮುಂದೆ ನಿಂತಳು. ಇಷ್ಟು ಗಂಡಸರು ನೋಡ್ತಾರಲ್ಲ ನೀಲಾ, ಎಂದ ರಮಾನಾಥ. ನೋಡ್ಲಿ, ಅವರು ದೋಸೆ ತಿನ್ಲಿಕ್ಕೆ ಬಂದದ್ದು. ಮೊದಲ ದೋಸೆ ಹರಿಯಿತು, ರಮಾನಾಥ ಗಲ್ಲಾದಿಂದ ಅರ್ಧ ಎದ್ದ, ಈಗ ಎದ್ದು ಹೋಗುತ್ತಾರೆ, ಇರಾನಿಗೆ — ಹರದದ್ದ ಕೊಡ್ರಿ ತಾಯಿ, ಗದಿಗೆಪ್ಪ, ಹೆಂಗೂ ಹೊಟ್ಟ್ಯಾಗ ಹೋಗಿ ಹರಿಯೂದ ಐತಿ, ನಕ್ಕರು, ಎಲ್ಲರೂ ನಕ್ಕರು, ಅವಳೂ. ಎಂಥ ಹೆಣ್ಣಪ್ಪ ಇವಳು, ಹೋಟೆಲು ಉಳಿಯಬೇಕೋ ಪೂವಪ್ಪ ಉಳಿಯಬೇಕೋ ಎಂದು ತಾನು ನಿದ್ದೆಗೆಟ್ಟು ತಕ್ಕಡಿ ಹಿಡಿದು ಕೂತಿದ್ದ, ಇವಳು ಎರಡನ್ನೂ ಉಳಿಸಿದಳು, ಹೆಮ್ಮೆಗೆ ಕಣ್ಣು ತುಂಬುತ್ತಿದೆ, ಚಿಲ್ಲರೆ ಕೊಡಬೇಕು, ಯಾರೋ ಕೇಳುತ್ತಿದ್ದಾರೆ, ನಾಳೆ ಊರಿಗೆಲ್ಲ ಸುದ್ದಿ, ಶೆಟ್ಟರ ಹೆಂಡತಿ ಕೂಲಿಗಳ ಮುಂದೆ ನಿಂತಳಂತೆ, ಹೌದು, ನಿಂತಳು — ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡ ಆ ಕೈ, ಧಣಿ ಚಿಲ್ಲರೆ, ಕೊಟ್ಟೆ ಕೊಟ್ಟೆ, ಮತ್ತೆ ಆ ಕೈ, ಉರಿಯ ಮೇಲೆ, ಬಳೆ ಸರಿಸಿಕೊಂಡ ಕೈ —