ಮುನೇಶ್ವರನ ಪಾಲಿನ ಹಿಡಿ

"ಅವರೆ ಗಿಡದ ಮೇಲೆ ಟವಲ್ ಹಾಕಿ ಬೀಡಿ ಹಚ್ಚಿದೆ ಕಣಮ್ಮ. ಬೀಡಿ ಮುಗಿಯೋಷ್ಟರಲ್ಲಿ ಟವಲ್ ಎಲ್ಲೈತೆ? ಗಿಡ ಬೆಳ್ದು ಬೆಳ್ದು, ಕರೆಂಟ್ ಕಂಬದ ತುದೀಲಿ! ಲೈನ್‌ಮನ್‌ನ ಕರೆಸಿ, ಲೈನ್ ಆಫ್ ಮಾಡ್ಸಿ ಇಳಿಸ್ಕೊಂಡೆ. ನಿನ್ನೆ ಮಧ್ಯಾಹ್ನ ಊರಿಗೆಲ್ಲ ಕರೆಂಟ್ ಹೋಗಿತ್ತಲ್ಲ, ಯಾಕೆ ಅಂದ್ಕೊಂಡೆ?"

ಲಕ್ಕೂರಿನ ಬಸ್ ನಿಲ್ಲುವ ಜಾಗದ ಪಕ್ಕದಲ್ಲಿ ಟೀ ಅಂಗಡಿ ಇಟ್ಟಿದ್ದ ಭಾರತಮ್ಮ ಹಾಲಿನ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಮಿಕ್ಸೀಲಿ ಚಟ್ನಿ ಅರ್ಧಕ್ಕೆ ನಿಂತಿದ್ದು ನಿನ್ನ ಟವಲಿನಿಂದಾನಾ ಸುಬ್ಬರಾಯಣ್ಣ? ಇನ್ಮೇಲೆ ಟವಲ್ ಮನೇಲಿಟ್ಟು ಹೊಲಕ್ಕೆ ಹೋಗು."

ಅಂಗಡಿಯಲ್ಲಿದ್ದವರು ನಕ್ಕರು. ಸುಬ್ಬರಾಯಪ್ಪನ ಬಾಯಿಗೆ ಬಿದ್ದ ಹುಲ್ಲುಕಡ್ಡಿ ತೆಂಗಿನಮರವಾಗಿ ಹೊರಬರುತ್ತದೆಂಬುದು ಇಡೀ ಮಾಲೂರು ತಾಲ್ಲೂಕಿಗೇ ಗೊತ್ತಿತ್ತು. ಒಂದು ವರ್ಷ ಅವನು ಬೆಳೆದ ಕುಂಬಳಕಾಯಿಯೊಳಗೆ ಮೇಕೆ ಹೋಗಿ ಮರಿ ಹಾಕಿತ್ತು. ಇನ್ನೊಂದು ವರ್ಷ ಅವನ ಬೋರ್‌ವೆಲ್ಲಿನಲ್ಲಿ ನೀರಿನ ಜೊತೆ ಮೀನು ಬಂದಿತ್ತು, ಅದೂ ಹುರಿದ ಮೀನು. ಆದರೆ ಈ ದಿನ ಅವನ ಟೀ ಲೋಟದಲ್ಲೇ ಆರುತ್ತಿತ್ತು. ಕಣ್ಣು ಮತ್ತೆ ಮತ್ತೆ ರಸ್ತೆಯ ಕಡೆಗೇ ಹೋಗುತ್ತಿತ್ತು.

ರಸ್ತೆಯ ತಿರುವಿನಲ್ಲಿ ಖಾಲಿ ಟಿಪ್ಪರ್ ಒಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮುಂದಿನ ಸೀಟಿನಿಂದ ಅವನ ತಮ್ಮ ಮುನಿಕೃಷ್ಣ ಇಳಿದ. ಹಿಂದೆಯೇ ಇಟ್ಟಿಗೆ ಗೂಡಿನ ಉಮಾಶಂಕರ್ ಇಳಿದ. ಟವಲಿನ ಸುದ್ದಿ ಅಷ್ಟರಲ್ಲೇ ಅವನ ಕಿವಿಗೂ ಬಿದ್ದಿತ್ತು.

"ಏಮಪ್ಪಾ ಸುಬ್ಬರಾಯಪ್ಪ, ಟವಲು ಕಿಂದಕಿ ದಿಗಿಂದಾ?" ಎಂದು ಉಮಾಶಂಕರ್ ನಕ್ಕ, ಟವಲು ಕೆಳಗಿಳಿಯಿತಾ ಎಂದು ತೆಲುಗಿನಲ್ಲಿ ಕೇಳುತ್ತಾ. "ಇಳಿದಿದ್ರೆ ಬಾ, ಹೊಲ ನೋಡ್ಬಿಡಣ."

ಕೆರೆ ಹಿಂದಿನ ಒಂದೂವರೆ ಎಕರೆ ಹೊಲ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಬೆರಳಲ್ಲಿ ಮಿದ್ದರೆ ಬೆಣ್ಣೆಯಂಥ ಮಣ್ಣು, ಇಟ್ಟಿಗೆಗೆ ಹೇಳಿ ಮಾಡಿಸಿದ್ದು. ಪಕ್ಕದ ಹೊಲದವರು ಎರಡು ವರ್ಷದ ಹಿಂದೆ ಮೇಲ್ಮಣ್ಣು ಮಾರಿದ್ದರು. ಆ ಹೊಲ ಈಗ ಸೊಂಟದಾಳ ಕುಸಿದು, ಊರಿನ ಎಮ್ಮೆಗಳೆಲ್ಲ ಅಲ್ಲೇ ಬಿದ್ದುಕೊಂಡಿರುತ್ತವೆ. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮುನಿಕೃಷ್ಣನಿಗೆ ಬೇಸಾಯದ ಮೇಲೆ ನಂಬಿಕೆ ಹೋಗಿತ್ತು, ಈ ಹೊಲದ ಮಣ್ಣನ್ನೂ ಉಮಾಶಂಕರನಿಗೆ ಮಾರಬೇಕೆಂದಿದ್ದ. "ಮಣ್ಣು ಹೋದ್ರೆ ಜಮೀನು ಎಲ್ಲಿಗೋಗ್ತದೆ ಅಣ್ಣ? ಅಲ್ಲೇ ಕೆಳಗೆ ಇರ್ತದೆ," ಎನ್ನುತ್ತಿದ್ದ.

ಮುಂಗಾರಿಗೆ ಮುಂಚೆ ಬಿದ್ದ ಮಳೆಗೆ ಸುಬ್ಬರಾಯಪ್ಪನ ಹೆಂಡತಿ ಆಂಜಿನಮ್ಮ ಆ ಹೊಲದಲ್ಲಿ ಮೇವಿನ ಜೋಳ, ಸೆಣಬು ಬೆರೆಸಿ ಚೆಲ್ಲಿದ್ದಳು. ಆಳೆತ್ತರ ಬೆಳೆದಾಗ ಹಸುಗಳಿಗೆ ಕೊಯ್ಯುತ್ತಾಳೆಂದು ಊರು ಎಣಿಸಿತ್ತು. ಅವಳು ಕೊಯ್ಯಲಿಲ್ಲ. ರಾಗಿ ಮಷೀನು ಬಂದ ಮೇಲೆ ಮನೆಯ ಮುಂದೆ ಕೂರುವ ಕಟ್ಟೆಯಾಗಿಬಿಟ್ಟಿದ್ದ, ತೆನೆ ಒಕ್ಕುವ ರೋಣಗಲ್ಲನ್ನು ಎಬ್ಬಿಸಿ, ಎತ್ತು ಕಟ್ಟಿಸಿ, ಇಡೀ ಬೆಳೆಯ ಮೇಲೆ ಉರುಳಿಸಿದಳು. ಹಸಿರೆಲ್ಲ ಚಾಪೆಯಂತೆ ನೆಲಕ್ಕೆ ಮಲಗಿತು. ನೇಗಿಲು ಇಳಿಸಲಿಲ್ಲ. ಚಾಪೆಯಲ್ಲಿ ಗೂಟದಿಂದ ತೂತು ಮಾಡಿ, ತೂತಿಗೆರಡರಂತೆ ಅವರೆಬೀಜ ಹಾಕಿಸಿದಳು. ವಕ್ಕಲೇರಿಯಲ್ಲಿ ಅವಳ ಅಣ್ಣ ಹೀಗೇ ಮಾಡಿ ಬೆಳೆ ತೆಗೆದಿದ್ದ.

"ಹಸು ತಿನ್ನೋ ಮೇವನ್ನ ಹೊಲಕ್ಕೆ ತಿನ್ನಿಸಿದ್ದೀರಲ್ಲ ಅತ್ತಿಗೆ, ಹೊಲ ಹಾಲು ಕೊಡ್ತದಾ?" ಎಂದು ಮುನಿಕೃಷ್ಣ ಟೀ ಅಂಗಡಿಯಲ್ಲಿ ಎಲ್ಲರೆದುರು ಅಣಕಿಸಿದ್ದ.

ಆಂಜಿನಮ್ಮ ಸುಮ್ಮನೆ ಅಲ್ಲಿಂದ ಹೊರಟುಹೋದಳು. ಸುಮ್ಮನಿರುವುದು ಸುಬ್ಬರಾಯಪ್ಪನಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. "ಕೇಳಿಸ್ಕೊಳೋ ಮುನಿಕೃಷ್ಣ," ಎಂದು ಬೆಂಚಿನ ಮೇಲೆ ಹತ್ತಿ ನಿಂತೇಬಿಟ್ಟ. "ನೇಗಿಲು ಮುಟ್ಟಿಸಲ್ಲ, ಒಂದು ಕಾಳು ಯೂರಿಯಾ ಹಾಕಲ್ಲ. ಮೊದಲ ಕೊಯ್ಲಿಗೇ ಟೆಂಪೋ ತುಂಬ ಅವರೆಕಾಯಿ ಏರಿಸ್ತೀನಿ. ತುಂಬದೇ ಹೋದ್ರೆ ನಿನ್ನ ಟಿಪ್ಪರ್ ತಗೊಂಬಾ, ಮಣ್ಣಿಗೆ ಮೊದಲ ಗುದ್ಲಿ ನಾನೇ ಹಾಕ್ತೀನಿ."

ಮಾತು ಊರಿಗೆಲ್ಲ ಮುಟ್ಟಿತು. ಆಂಜಿನಮ್ಮನಿಗೆ ಡೈರಿಯಲ್ಲಿ ಹಾಲು ಹಾಕುವಾಗ ಗೊತ್ತಾಯಿತು. "ಬಾಯಿ ನಿಮ್ಮೊಬ್ಬರದು, ಹೊಲ ಮನೆಯೋರೆಲ್ಲರದು. ಅದು ನೆನಪಿರಲಿ," ಎಂದಷ್ಟೇ ಗಂಡನಿಗೆ ಹೇಳಿ ಕ್ಯಾನು ತೊಳೆಯಲು ಕೂತಳು.

ಮೊಳಕೆ ಚೆನ್ನಾಗಿಯೇ ಬಂತು. ಆದರೆ ನಾಲ್ಕೆಲೆ ಬಿಡುವ ಹೊತ್ತಿಗೆ ಗಿಡಗಳೆಲ್ಲ ಕಾಮಾಲೆ ಬಂದವರಂತೆ ಹಳದಿಯಾದವು. ಸುಬ್ಬರಾಯಪ್ಪ ಹೆಂಡತಿಯನ್ನು ಕರೆತಂದು ತೋರಿಸಿದ.

"ಹೊದಿಕೆ ಕೊಳೀತಾ ಐತೆ, ಮಣ್ಣಿನ ಸತ್ವ ಈಗ ಅದೇ ತಿಂತೈತೆ," ಎಂದಳು ಆಂಜಿನಮ್ಮ. "ಬೇರಲ್ಲಿ ಗಂಟು ಕಟ್ಟಿದ್ರೆ ಅವರೆ ತನ್ನ ಗೊಬ್ಬರ ತಾನೇ ಮಾಡ್ಕೊಂತೈತೆ. ಬಾಣಂತಿ ಥರ ಬಿಡ್ರಿ ಅದನ್ನ, ಮುಟ್ಟಬೇಡ್ರಿ."

ಅದಾಗಿ ಕೆಲವೇ ದಿನಕ್ಕೆ ಹೊಲದಲ್ಲೊಂದು ವಿಚಿತ್ರ ನಡೆಯಿತು. ನಡುವಿನ ಹುಣಸೆಮರದಿಂದ ಈಚೆಗೆ, ದಾರಿಯ ಕಡೆಗಿದ್ದ ಅರ್ಧ ಹೊಲ ಇದ್ದಕ್ಕಿದ್ದಂತೆ ಕಡುಹಸಿರಾಯಿತು. ಮರದಿಂದಾಚೆಯ ಅರ್ಧ ಹಾಗೇ ಪೇಲವವಾಗಿ ನಿಂತಿತ್ತು. ಬೈತಲೆ ತೆಗೆದಂತೆ ನೆಟ್ಟಗಿನ ಗೆರೆ. ನೋಡಲು ಬಂದವರಿಗೆಲ್ಲ ಸುಬ್ಬರಾಯಪ್ಪ ಎದೆಯುಬ್ಬಿಸಿ ತೋರಿಸಿದ: "ಈಚೆಗಿಂದು ನನ್ನ ಸಾಗುವಳಿ, ಒಂದು ಕಾಳು ಯೂರಿಯಾ ಸೋಕಿಲ್ಲ. ಬರೀ ಕೈಗುಣ. ಆಚೆಗಿಂದು ನಮ್ಮ ಮನೆಯವಳದ್ದು. ಅದಕ್ಕೆ ಏನು ಹಾಕಿದ್ದಾಳೋ, ಏನು ಬಿಟ್ಟಿದ್ದಾಳೋ, ನಾನು ಕೇಳೋಕೆ ಹೋಗಿಲ್ಲ." ಈ ಮಾತನ್ನು ಅವನು ಸಂತೆಯಲ್ಲಿ ಹೇಳಿದ, ಬಸ್ಸಿನಲ್ಲಿ ಹೇಳಿದ, ಮದುವೆಮನೆಯ ಪಂಕ್ತಿಯಲ್ಲಿ ಹಪ್ಪಳ ಮುರಿಯುತ್ತಾ ಹೇಳಿದ. ಆಂಜಿನಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದು ಥರ ನಗುತ್ತಿದ್ದಳು. ಆ ನಗು ಅವನಿಗೆ ಹಿಡಿಸುತ್ತಿರಲಿಲ್ಲ.

ಆಮೇಲೆ ಇಬ್ಬನಿ ಬೀಳತೊಡಗಿತು. ಪೇಲವವಾಗಿದ್ದ ಆಚೆಯ ಅರ್ಧ ಯಾವಾಗ ಹಸಿರಾಯಿತೋ ಯಾರೂ ನೋಡಲಿಲ್ಲ, ಹೂವಿನ ಕಡ್ಡಿ ಎತ್ತಿದಾಗಲೇ ಎಲ್ಲರ ಕಣ್ಣಿಗೆ ಬಿದ್ದದ್ದು. ಬೆಳಿಗ್ಗೆ ಆ ಕಡೆ ಹೋದರೆ ಸೊಗಡು ಮೂಗಿಗೆ ಗಪ್ಪೆಂದು ಬಡಿಯುತ್ತಿತ್ತು. ಈಚೆಯ ಅರ್ಧ ಮಾತ್ರ ಎಲೆಯ ಮೇಲೆ ಎಲೆ ಹೊತ್ತು, ಕರಿಹೇನು ಮೆತ್ತಿಸಿಕೊಂಡು ಕೊಬ್ಬಿ ನಿಂತಿತ್ತು. ಸುಬ್ಬರಾಯಪ್ಪ ಸಾಗುವಳಿಯ ಸುದ್ದಿ ಕಡಿಮೆ ಮಾಡಿದ್ದು ಆಗಲೇ; ಕೊಯ್ಲಿನ ಹಿಂದಿನ ದಿನದಿಂದ ಟವಲಿನ ಸುದ್ದಿ ಹಿಡಿದಿದ್ದ.

ಈ ದಿನ ಟಿಪ್ಪರ್ ಟೀ ಅಂಗಡಿಯಿಂದ ಹೊಲದ ಬಳಿ ಬಂದಾಗ ಹೆಂಗಸರು ಬೆಳಗಿನಿಂದ ಕಾಯಿ ಬಿಡಿಸುತ್ತಿದ್ದರು. ಟೆಂಪೋ ಬದುವಿಗೆ ಹಿಂಬದಿ ಕೊಟ್ಟು ನಿಂತಿತ್ತು. ಮೂಟೆಯ ಮೇಲೆ ಮೂಟೆ ಬರುತ್ತಲೇ ಇತ್ತು. ಸುಬ್ಬರಾಯಪ್ಪ ಹೆಗಲ ಟವಲನ್ನು ಗಿಡದ ಮೇಲೆಸೆದು ತಾನೂ ಹೊರಲು ನಿಂತ. ಕೊನೆಗೆ ಡ್ರೈವರ್ ಹಿಂಬಾಗಿಲು ಹಾಕಲು ಹೋದರೆ ಬಾಗಿಲು ಕೂರಲಿಲ್ಲ. ಇಬ್ಬರು ಹೆಂಗಸರು ಬೆನ್ನು ಕೊಟ್ಟು ಒತ್ತಿದರೂ ಚಿಲಕ ಬೀಳಲಿಲ್ಲ.

"ತುಂಬ್ತು!" ಎಂದು ಸುಬ್ಬರಾಯಪ್ಪ ಕೂಗಿದ ಕೂಗಿಗೆ ಪಕ್ಕದ ಹೊಲದ ಹಳ್ಳದಲ್ಲಿದ್ದ ಎಮ್ಮೆಗಳು ಎದ್ದು ನಿಂತವು. "ನೋಡ್ಕೊಳಪ್ಪ ಮುನಿಕೃಷ್ಣ! ತುಂಬಿ ಚೆಲ್ತಾ ಐತೆ!"

ಮುನಿಕೃಷ್ಣ ಟೆಂಪೋ ನೋಡಲಿಲ್ಲ. ಈಚೆಯ ಅರ್ಧಕ್ಕೆ ಇಳಿದು ಸೊಂಟದುದ್ದದ ಗಿಡಗಳನ್ನು ಸೀಳಿಕೊಂಡು ನಡೆದ. ಎಲೆ ಸರಿಸಿ ನೋಡಿದ, ಇನ್ನೊಂದು ಸರಿಸಿ ನೋಡಿದ. ಹಿಡಿಯಷ್ಟೂ ಕಾಯಿ ಸಿಗಲಿಲ್ಲ. ಅಂಗೈಗೆ ಮೆತ್ತಿದ ಅಂಟನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ವಾಪಸು ಬಂದ.

"ಇದು ನಿನ್ನ ಸಾಗುವಳಿ ತಾನೇ ಅಣ್ಣ? ಒಂದು ಕಾಳು ಯೂರಿಯಾ ಹಾಕದೇ ಇದ್ದಿದ್ದು?"

ಸುಬ್ಬರಾಯಪ್ಪ ಬಿಗಿದಿದ್ದ ಮೂಟೆಯ ಬಾಯನ್ನೇ ಮತ್ತೆ ಬಿಗಿಯತೊಡಗಿದ.

"ಊರೆಲ್ಲ ಹೇಳ್ಕೊಂಡು ತಿರುಗಿದ್ದೀಯಲ್ಲ. ಯೂರಿಯಾ ಹಾಕದ ಕಡೆ ಬರೀ ಸೊಪ್ಪು. ಆಚೆಗೆ ಏನು ಹಾಕವ್ಳೋ ಗೊತ್ತಿಲ್ಲ ಅಂತ ನೀನೇ ಅಂದೆ. ಅಲ್ಲಿ ಕಾಯಿ ಸುರೀತಾ ಐತೆ. ಅಂದ್ರೆ ಏನು? ಅತ್ತಿಗೆ ಕದ್ದು ಗೊಬ್ಬರ ಹಾಕವ್ರೆ. ಟೆಂಪೋ ತುಂಬಿರೋದು ಯೂರಿಯಾ ಅವರೆಕಾಯಿ. ಮಾತು ಮಾತೇ. ಉಮಾಶಂಕರಣ್ಣ, ಟಿಪ್ಪರ್ ಒಳಗೆ ತಗೊಂಬರೋಕೆ ಹೇಳು."

ಡ್ರೈವರ್ ಇಂಜಿನ್ ಶುರು ಮಾಡಿದ. ಬಿಡಿಸುತ್ತಿದ್ದ ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ನೋಡುತ್ತಾ ನಿಂತರು. ಸುಬ್ಬರಾಯಪ್ಪ ಹೆಂಡತಿಯ ಮುಖ ನೋಡಿದ. ಅವಳು ಕಾಯುತ್ತಿದ್ದಳು. ಮೂರು ತಿಂಗಳು ಉಬ್ಬಿಸಿ ಊದಿದ ತನ್ನದೇ ಬಲೂನು ಈಗ ಹೊಲವನ್ನು ಎತ್ತಿಕೊಂಡು ಹೋಗುತ್ತಿತ್ತು, ಅದಕ್ಕೆ ಸೂಜಿ ಚುಚ್ಚಬಲ್ಲವನು ತಾನೊಬ್ಬನೇ.

"ನಿಲ್ಲಿಸ್ರೋ!" ಎಂದ. ದನಿ ಅವನದ್ದಲ್ಲವೆಂಬಷ್ಟು ಸಣ್ಣಗಿತ್ತು. "ಯೂರಿಯಾ ಬಿದ್ದಿರೋದು ಆಚೆಗಲ್ಲ, ಈಚೆಗೆ. ಹಾಕಿದ್ದು ನಾನು. ಇವಳು ಡೈರಿಗೆ ಹೋಗಿದ್ದಾಗ, ಎರಡು ಮೂಟೆ. ಹುಣಸೆಮರದ ಹತ್ರ ಬರೋಷ್ಟರಲ್ಲಿ ಮುಗಿದೋಯ್ತು. ಮುಗೀದೇ ಇದ್ದಿದ್ರೆ ಆಚೆಗೂ ಹಾಕಿರ್ತಿದ್ದೆ."

ಹೊಲವೆಲ್ಲ ಗೊಳ್ಳೆಂದು ನಕ್ಕಿತು.

"ಅಬ್ಬೋ, ಹೊಸ ಕಥೆ!" ಎಂದ ಮುನಿಕೃಷ್ಣ. "ನಿನ್ನೆ ತನಕ ಒಂದು ಕಾಳು ಇಲ್ಲ ಅಂದೆ, ಇವತ್ತು ಎರಡು ಮೂಟೆ ಅಂತೀಯ. ನಾಳೆ ಒಂದು ಲಾರಿ ಅಂತೀಯ."

"ನಿಜ ಕಣೋ, ನಿಜ!"

"ಟವಲಿನಷ್ಟು ನಿಜಾನಾ?"

ಸುಬ್ಬರಾಯಪ್ಪ ಆ ಕಡೆ ಈ ಕಡೆ ನೋಡಿದ. ಹುಟ್ಟಿದಾಗಿನಿಂದ ಮೊದಲ ಸಲ ಒಂದು ನಿಜವನ್ನು ಸಂತೆಗೆ ತಂದಿದ್ದ, ಕೊಳ್ಳುವವರೊಬ್ಬರೂ ಇರಲಿಲ್ಲ. "ಮುನೇಶ್ವರನಾಣೆ," ಎಂದ. ಕಣ್ಣಂಚು ಒದ್ದೆಯಾಗಿತ್ತು.

"ಆಣೆ ಯಾಕೆ? ಮುನೇಶ್ವರನ್ನೇ ಕೇಳಣ ಬನ್ನಿ," ಎಂದಳು ಆಂಜಿನಮ್ಮ.

ದಾರಿಯ ಬದಿಯ ಬದುವಿನ ಮೇಲೆ, ಈಚೆಯ ಅರ್ಧದ ತಲೆಯಲ್ಲಿ ಮುನೇಶ್ವರನ ಕಲ್ಲಿತ್ತು. ಆ ಮನೆತನದಲ್ಲಿ ಬಿತ್ತುವವನು ಮೊದಲ ಹಿಡಿಯನ್ನು ಆ ಕಲ್ಲಿನ ಬುಡಕ್ಕೆ ಹಾಕಿ, ಆಮೇಲೆ ಹೊಲಕ್ಕೆ ಕೈ ಬೀಸಬೇಕು. ಅಪ್ಪ ಹಾಗೆ ಮಾಡಿದ್ದ, ತಾತ ಹಾಗೆ ಮಾಡಿದ್ದ. ಆಂಜಿನಮ್ಮ ಬಗ್ಗಿ ಗರಿಕೆ ಸರಿಸಿದಳು. ಸುತ್ತ ಗರಿಕೆ ಕಪ್ಪಿಡುವಷ್ಟು ಹಸಿರಾಗಿ ಕೊಬ್ಬಿತ್ತು. ಕಲ್ಲಿನ ಬುಡದಲ್ಲಿ ಮಾತ್ರ ತಟ್ಟೆಯಗಲದ ಜಾಗ ಸುಟ್ಟು ಬೋಳಾಗಿತ್ತು.

"ಗಿಡ ಹಳದಿ ಆಗಿತ್ತಲ್ಲ, ಆಗ ಒಂದು ಸೋಮವಾರ ಕಲ್ಲು ತೊಳೆಯೋಕೆ ಬಂದೆ. ಯಾರೋ ಮುನೇಶ್ವರನಿಗೆ ಸಬ್ಬಕ್ಕಿ ಇಟ್ಟವ್ರೆ ಅಂದ್ಕೊಂಡೆ. ಒದ್ದೆ ಕೈಲಿ ಮುಟ್ಟಿದ್ರೆ ಐಸ್‌ನಂಗೆ ತಣ್ಣಗೆ ಕೊರೀತು. ಯೂರಿಯಾ!" ಅವಳಿಗೆ ನಗು ತಡೆಯಲಾಗಲಿಲ್ಲ. "ಕಳ್ಳತನಕ್ಕೆ ಬಂದೋರು ಪದ್ಧತಿ ಬಿಟ್ಟಿಲ್ಲ ಕಣಪ್ಪ ಮುನಿಕೃಷ್ಣ. ಮೊದಲ ಹಿಡಿ ದೇವರಿಗೆ ಹಾಕಿ ಶುರು ಮಾಡವ್ರೆ! ಈ ಊರಲ್ಲಿ ನಿಮ್ಮಣ್ಣನ್ನ ಬಿಟ್ಟು ಇನ್ಯಾರು ಹಂಗೆ ಮಾಡ್ತಾರೆ?"

ಮುನಿಕೃಷ್ಣ ಆ ಬೋಳು ಜಾಗವನ್ನೇ ನೋಡಿದ. ಅಪ್ಪನ ಕೈ ಹಿಡಿದು ಅಲ್ಲಿ ನಿಂತದ್ದು ನೆನಪಾಯಿತೋ ಏನೋ, ಅಲ್ಲೇ ಕುಕ್ಕರಗಾಲಲ್ಲಿ ಕೂತ. ಆಂಜಿನಮ್ಮ ಈಚೆಯದೊಂದು, ಆಚೆಯದೊಂದು ಗಿಡ ಕಿತ್ತು ತಂದು ಅವನ ಮುಂದೆ ಹಾಕಿದಳು. ಈಚೆಯದರ ಬೇರು ಬೋಳು ದಾರದಂತಿತ್ತು. ಆಚೆಯದರಲ್ಲಿ ಮಣಿಸರದಂತೆ ಗಂಟುಗಳು. ಅವನೇ ಒಂದನ್ನು ಉಗುರಿನಿಂದ ಒಡೆದ. ಒಳಗೆ ರಕ್ತಗೆಂಪು.

"ಈ ಗಂಟು ಕೂರೋ ಹೊತ್ತಲ್ಲಿ ಹೊರಗಿನ ಗೊಬ್ಬರ ಸಿಕ್ರೆ ಅವರೆಗೆ ಸೋಂಬೇರಿತನ ಬರ್ತೈತೆ. ಗಂಟೂ ಕಟ್ಟಲ್ಲ, ಕಾಯೂ ಕಟ್ಟಲ್ಲ, ಮೈ ಬೆಳೆಸ್ಕೊಂಡು ನಿಂತ್ಕೊಂತೈತೆ," ಎಂದಳು. "ಟೆಂಪೋದಲ್ಲಿರೋ ಕಾಯೆಲ್ಲ ಆಚೆಗಿಂದು. ಅರ್ಧ ಹೊಲಕ್ಕೇ ಬಾಗಿಲು ಹಾಕೋಕಾಗ್ತಿಲ್ಲ. ಈಗ ಹೇಳು, ಹೊಲ ಹಾಲು ಕೊಡ್ತಾ?"

ಮುನಿಕೃಷ್ಣ ಬಹಳ ಹೊತ್ತು ಬೇರನ್ನೇ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎದ್ದು, "ಟಿಪ್ಪರ್ ವಾಪಸ್ ಕಳಿಸಿಬಿಡು ಉಮಾಶಂಕರಣ್ಣ," ಎಂದ. "ಮಣ್ಣಿನ ಮಾತು ಇಲ್ಲಿಗೆ ಬಿಟ್ಟೆ. ಬರೋ ವರ್ಷ ರೋಣಗಲ್ಲು ಎಳೆಸೋಕೆ ನಾನೂ ಬರ್ತೀನಿ ಅತ್ತಿಗೆ."

ಹೆಂಗಸರು ಹೋ ಎಂದು ಕೂಗಿದರು. ಟೆಂಪೋದಲ್ಲಿ ಹಿಡಿಸದೆ ಉಳಿದ ಮೂಟೆಗಳನ್ನು ಯಾರೂ ಹೇಳದೆಯೇ ಟಿಪ್ಪರ್‌ಗೆ ಎತ್ತಿ ಹಾಕಿದರು. ಬರಿಗೈಲಿ ಹೋಗುವುದು ಹೇಗೆಂದು ಉಮಾಶಂಕರ್ ಕೂಡ ಒಂದು ಚೀಲ ಕಾಯಿ ಆರಿಸಿಕೊಂಡ. ಮಣ್ಣಿಗೆಂದು ಬಂದ ಗಾಡಿ ಅವರೆಕಾಯಿ ಹೊತ್ತು, ಬಿಡಿಸಿದ ಹೆಂಗಸರನ್ನು ಹೊತ್ತು, ಹಾರ್ನ್ ಹೊಡೆಯುತ್ತಾ ಮಾಲೂರಿನ ಕಡೆ ಹೊರಡಲು ತಿರುಗಿತು.

ಸುಬ್ಬರಾಯಪ್ಪ ಹೆಂಡತಿಯ ಪಕ್ಕಕ್ಕೆ ಬಂದು ನಿಂತ. "ಅವತ್ತೇ ಗೊತ್ತಿತ್ತಾ? ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಇಲ್ಲ ಅಂತಿದ್ರಿ. ಇಲ್ಲ ಅಂತ ತೋರ್ಸೋಕೆ ಇನ್ನೆರಡು ಮೂಟೆ ತಂದು ಆಚೆಗೂ ಹಾಕ್ತಿದ್ರಿ."

ಅವನು ತಲೆ ಕೆರೆದುಕೊಂಡ. ಹಾಗೇ ಮಾಡುತ್ತಿದ್ದ.

ಟಿಪ್ಪರ್ ಹತ್ತುತ್ತಿದ್ದ ಉಮಾಶಂಕರ್ ತಿರುಗಿ ನೋಡಿದ. "ಇವತ್ತು ನಿನ್ನ ಬಾಯಲ್ಲಿ ನಿಜ ಬರೋ ದಿನ ಇದ್ದಂಗೈತೆ. ಈಗ ಹೇಳು ಸುಬ್ಬರಾಯಪ್ಪ, ಟವಲ್ ಎಷ್ಟು ಮೇಲೆ ಹೋಗಿತ್ತು?"

ಸುಬ್ಬರಾಯಪ್ಪ ಬಾಯಿ ತೆರೆದ. ನಾಲಗೆಯ ತುದಿಯಲ್ಲಿ ಕರೆಂಟ್ ಕಂಬವಿತ್ತು, ಅದರಾಚೆ ಮೋಡಗಳೂ ಇದ್ದವು. ಆಂಜಿನಮ್ಮ ಕತ್ತು ಓರೆ ಮಾಡಿ ನೋಡುತ್ತಿದ್ದಳು.

"ಮೊಣಕಾಲಿಂದ ಒಂದು ಗೇಣು ಮೇಲೆ," ಎಂದ. "ಗಿಡ ಇದ್ದಷ್ಟೇ. ನಿನ್ನೆ ಕರೆಂಟ್ ಯಾಕೆ ಹೋಗಿತ್ತೋ ನಂಗೂ ಗೊತ್ತಿಲ್ಲ."

ಹುಣಸೆಮರದ ಆಚೆ, ಮೂಟೆ ಹೊರುವಾಗ ಎಸೆದ ಕಡೆಯೇ ಟವಲ್ ಬಿದ್ದಿತ್ತು. ಅದರ ಭಾರಕ್ಕೆ ಗಿಡ ಸ್ವಲ್ಪ ಬಾಗಿತ್ತು. ಟವಲಿನ ಅಂಚಿನ ಕೆಳಗಿಂದ, ಬಿಡಿಸುವವರ ಕಣ್ಣಿಗೆ ಬೀಳದೆ ಉಳಿದ ಕಾಯಿಗೊಂಚಲೊಂದು ಗಾಳಿಗೆ ತೂಗುತ್ತಿತ್ತು.