ಹಿಟ್ಟಿನ ಮೇಲಿನ ಹೆಜ್ಜೆ

ಐವತ್ಮೂರನೇ ಇಸವಿಯಲ್ಲಿ ಕಾರ್ಖಾನೆಯ ಕುಲುಮೆ ಕೆಲಸದ ಸುಬ್ಬಪ್ಪ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಹೆಂಡತಿ ದುರ್ಗಮ್ಮ ತುಂಬು ಬಸುರಿ. ಬಸುರಿ ಹೆಂಗಸು ಗುಂಡಿಯ ಹತ್ತಿರ ಸುಳಿಯಬಾರದೆಂದು ಅವಳನ್ನು ಮಣ್ಣು ಹಾಕಲೂ ಕಳಿಸಲಿಲ್ಲ. ತಿಥಿಯ ದಿನ ಅವರ ಕಡೆಯ ಪದ್ಧತಿಯಂತೆ, ಅವನು ಕೊನೆಯುಸಿರೆಳೆದ ಜಾಗದಲ್ಲಿ ಅಕ್ಕಿಹಿಟ್ಟು ಹರಡಿ, ಎಡೆ ಇಟ್ಟು, ಬಾಗಿಲೆಳೆದುಕೊಂಡು ಎಲ್ಲರೂ ಅಂಗಳದಲ್ಲಿ ಕೂತರು. ಸತ್ತವನು ಯಾವ ರೂಪದಲ್ಲಿ ಬಂದು ಉಣ್ಣುತ್ತಾನೋ ಅದರ ಹೆಜ್ಜೆ ಹಿಟ್ಟಿನಲ್ಲಿ ಮೂಡುತ್ತದೆಂದು ನಂಬಿಕೆ. ಒಳಗೆ ಏನೋ ಕೆರೆದ ಸದ್ದಾಯಿತು. ಬಾಗಿಲು ತೆಗೆದರೆ ಎಡೆ ಖಾಲಿ, ಹಿಟ್ಟಿನ ತುಂಬ ನಾಯಿಯ ಹೆಜ್ಜೆ, ಮೂಲೆಯಲ್ಲಿ ಮೂತಿಗೆಲ್ಲ ಹಿಟ್ಟು ಮೆತ್ತಿಕೊಂಡ ಕಂದು ಮರಿ. ಭದ್ರಾವತಿ ಹಳೇನಗರದ ಆ ಮನೆಯ ಹಿತ್ತಿಲ ಕಡೆಯ ಗೋಡೆಯಲ್ಲಿ ಮರಿ ನುಸುಳುವಷ್ಟು ಕಿಂಡಿಯಿತ್ತು. ಅದನ್ನು ನೋಡುವ ಮನಸ್ಸು ಪಾಪ ಯಾರಿಗಿತ್ತು?

ದುರ್ಗಮ್ಮ ಅದಕ್ಕೆ ಹೆಸರಿಡಲಿಲ್ಲ. ಗಂಡನನ್ನು ಹೆಸರು ಹಿಡಿದು ಕರೆಯುವುದುಂಟೇ? ಬನ್ನಿ, ಊಟ ಮಾಡಿ ಅನ್ನುತ್ತಿದ್ದಳು, ತನ್ನ ತಟ್ಟೆಯಲ್ಲೇ ಇಕ್ಕುತ್ತಿದ್ದಳು. ಅವಳ ಅಣ್ಣ ಹೂವಪ್ಪನದು ಕುರಿಮಾಂಸದ ಅಂಗಡಿ. ನೀರುಗುಳ್ಳೆ ಎದ್ದ ಕಲೀಜವನ್ನು, ಅಂದರೆ ಕುರಿಯ ಈಲಿಯನ್ನು, ಗಿರಾಕಿಗಳು ಮುಟ್ಟುತ್ತಿರಲಿಲ್ಲ. ಅದನ್ನೆಲ್ಲ ಎಲೆಯಲ್ಲಿ ಕಟ್ಟಿ ತಂದು, ಭಾವನಿಗೆ ಎಂದು ಕೊಡುತ್ತಿದ್ದ. ಹುಟ್ಟಿದ ಮಗು ಪದ್ಮ ನಾಯಿಯ ಬೆನ್ನು ಹಿಡಿದೇ ನಡೆಯಲು ಕಲಿತಳು, ಅದು ನೆಕ್ಕಿದ ತಟ್ಟೆಯಲ್ಲೇ ಉಂಡಳು, ಅದನ್ನು ಅಪ್ಪ ಎಂದೇ ಕರೆದಳು. ಕೇರಿಯವರು ಒಳಗೊಳಗೇ ನಕ್ಕರು, ಎದುರಿಗೆ ಯಾರೂ ಆಡಲಿಲ್ಲ.

ಪದ್ಮಳಿಗೆ ಆರು ವರ್ಷವಾದಾಗ ಎಡಗಣ್ಣು ಮುಂದೆ ಬರತೊಡಗಿತು. ನೋವಿಲ್ಲ, ಕೆಂಪಿಲ್ಲ, ಒಳಗಿನಿಂದ ಯಾರೋ ಮೆಲ್ಲಗೆ ನೂಕಿದ ಹಾಗೆ. ಸುಬ್ಬಪ್ಪನದೂ ದಪ್ಪ ಕಣ್ಣು. ಅಪ್ಪನ ಕಣ್ಣು ಬಂತು ಎಂದು ಯಾರೋ ಅಂದರು, ದುರ್ಗಮ್ಮ ಹಿಗ್ಗಿದಳು. ಆಮೇಲೆ ರೆಪ್ಪೆ ಮುಚ್ಚದಾಯಿತು. ಮಧ್ಯಾಹ್ನ ಮಗು ಮಲಗಿದರೂ ಆ ಒಂದು ಕಣ್ಣು ಹೊಸ್ತಿಲ ಕಡೆ ತೆರೆದೇ ಇರುತ್ತಿತ್ತು. ಹೊಸ್ತಿಲಲ್ಲಿ ಮಲಗಿದ ನಾಯಿ ಅದನ್ನೇ ನೋಡುತ್ತಿತ್ತು. ಮಗಳನ್ನು ಕರೆದೊಯ್ಯಲು ಗಂಡ ಬಂದಿದ್ದಾರೆಯೇ ಎಂದು ದುರ್ಗಮ್ಮ ಹೆದರಿದಳು. ಇವಳೊಬ್ಬಳನ್ನಾದರೂ ಬಿಡಿ ಎಂದು ಕೈಮುಗಿದು ಬೇಡಿಕೊಂಡಳು. ಅವರು ಬಾಲ ಅಲ್ಲಾಡಿಸಿದರು.

ಕೊನೆಗೆ ಹೂವಪ್ಪ ಬೈದು ತಾಯಿ ಮಗಳಿಬ್ಬರನ್ನೂ ಶಿವಮೊಗ್ಗದ ಬಸ್ಸು ಹತ್ತಿಸಿದ. ಕಣ್ಣಿನ ಡಾಕ್ಟರು ಎಕ್ಸ್‌ರೇ ನೋಡಿ, ಕಣ್ಣಿನ ಹಿಂದೆ ಗಡ್ಡೆಯಿದೆ ಅಂದರು. ಕೆಟ್ಟ ಗಡ್ಡೆಯಾದರೆ ಕಣ್ಣುಗುಡ್ಡೆ ಸಮೇತ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ. ನಾಯಿಯಿಂದ ಬರುವ ನೀರುಗಡ್ಡೆಯೂ ಒಂದಿದೆ. ಹೊಟ್ಟೆಯೊಳಗೆ ಆಗುವಂಥದು, ಅಪರೂಪಕ್ಕೆ ಕಣ್ಣಿನ ಹಿಂದೆಯೂ ಸೇರಿಕೊಳ್ಳುತ್ತದೆ. ಅದಾದರೆ ಹುಷಾರಾಗಿ ನೀರು ಹೀರಿ, ಚೀಲ ತೆಗೆದು, ಕಣ್ಣು ಉಳಿಸಬಹುದು.

“ಮನೇಲಿ ನಾಯಿ ಇದೆಯೇನಮ್ಮ?”

“ಇಲ್ಲ ಸ್ವಾಮಿ.”

ಅವಳು ಸುಳ್ಳು ಹೇಳಿದಳೆಂದು ನಾನಂತೂ ಅನ್ನಲಾರೆ. ಅವಳ ಮಟ್ಟಿಗೆ ಆ ಮನೆಯಲ್ಲಿ ನಾಯಿ ಇರಲೇ ಇಲ್ಲ. ಹಾಗಾದರೆ ಕಣ್ಣು ತೆಗೆಯುವುದೇ ಸರಿ, ನಾಳಿದ್ದು ಬಂದು ಸೇರಿ ಎಂದು ಡಾಕ್ಟರು ಕಳಿಸಿದರು.

ಮನೆಗೆ ಬಂದಾಗ ಹೂವಪ್ಪ ಎಲೆಯ ಪೊಟ್ಟಣ ಇಟ್ಟು ಹೋಗಿದ್ದ. ಇಕ್ಕಲೆಂದು ಬಿಚ್ಚಿದ ದುರ್ಗಮ್ಮನ ಕೈ ಅಲ್ಲೇ ನಿಂತಿತು. ಕಲೀಜದಿಂದ ಬಿಳಿಯ ನೀರುಗುಳ್ಳೆಯೊಂದು ಉಬ್ಬಿ ಬಂದಿತ್ತು, ಕರಿಗುಡ್ಡೆಯಿಲ್ಲದ ಕಣ್ಣಿನ ಹಾಗೆ. ಡಾಕ್ಟರು ಹೇಳಿದ ನೀರುಗಡ್ಡೆ ಇದೇ ಅನ್ನಿಸಿತು, ಎಷ್ಟು ವರ್ಷದಿಂದ ಇದನ್ನೇ ತಿನ್ನಿಸಿದ್ದಳು! ಬೆನ್ನ ಹಿಂದೆ ಪದ್ಮ ನಗುತ್ತಿದ್ದಳು, ನಾಯಿ ಅವಳ ಬಾಯಿ ನೆಕ್ಕುತ್ತಿತ್ತು. ಹೌದೆಂದರೆ ಗಂಡ ಇನ್ನೊಮ್ಮೆ ಸಾಯುತ್ತಾನೆ. ಇಲ್ಲವೆಂದರೆ ಮಗಳ ಕಣ್ಣು ಹೋಗುತ್ತದೆ. ಪೊಟ್ಟಣವನ್ನು ಒಲೆಗೆ ಹಾಕಿದಳು.

ಬೆಳಗಿನ ಮೊದಲ ಬಸ್ಸಿಗೇ ಮಗಳನ್ನು ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಂತಳು.

“ಇದೆ ಸ್ವಾಮಿ. ಒಂದು ನಾಯಿ ಇದೆ.”

ಅಂದವಳೇ ಅಲ್ಲೇ ಕುಸಿದು ಅತ್ತಳು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಅದು ನಾಯಿಯಿಂದ ಬಂದ ನೀರುಗಡ್ಡೆಯೇ ಆಗಿತ್ತು, ಕಣ್ಣು ಉಳಿಯಿತು. ತಾಯಿ ಮಗಳು ಆಸ್ಪತ್ರೆಯಲ್ಲಿದ್ದಾಗಲೇ ಹೂವಪ್ಪ ನಾಯಿಯನ್ನು ಹೊಳೆಯಾಚೆ ಬಿಟ್ಟು ಬಂದಿದ್ದ. ಇವರು ಮನೆ ತಲುಪಿದರೆ ಅದು ಹೊಸ್ತಿಲಲ್ಲಿ ಕೂತಿತ್ತು, ಕಾಲೆಲ್ಲ ಕೆಸರು.

“ಅವ್ವಾ, ಅಪ್ಪ ಬಂದಿದೆ,” ಅಂದಳು ಪದ್ಮ, ಎರಡೂ ಕಣ್ಣಿಂದ ನೋಡುತ್ತ.

ದುರ್ಗಮ್ಮ ಬೇಲಿಯಿಂದ ಕೋಲು ಕಿತ್ತುಕೊಂಡಳು. “ಹಚಾ,” ಅಂದಳು. “ಹಚಾ, ನಾಯಿ.”

ಅದು ಎದ್ದು ಬಾಲ ಅಲ್ಲಾಡಿಸಿತು. ಕೋಲು ಬಿದ್ದ ಮೇಲೆ ಮನೆಯ ಹಿಂದಕ್ಕೆ ಹೋಯಿತು. ದುರ್ಗಮ್ಮ ಬಾಗಿಲು ಹಾಕಿ, ಬುಟ್ಟಿ ಮಣ್ಣು ಕಲಸಿಕೊಂಡು, ಹಿತ್ತಿಲ ಕಡೆಯ ಗೋಡೆಯ ಕಿಂಡಿಯ ಮುಂದೆ ಕೂತಳು. ಆಚೆಯಿಂದ ಕೆರೆಯುವ ಸದ್ದು ಬರುತ್ತಿತ್ತು, ತಿಥಿಯ ದಿನ ಕೇಳಿದ್ದ ಅದೇ ಸದ್ದು. ಗಂಡನನ್ನು ಹೂಳಿದ ದಿನ ಅವಳಿಗೆ ಮಣ್ಣು ಹಾಕಲು ಬಿಟ್ಟಿರಲಿಲ್ಲ. ಈಗ ಒಂದೊಂದೇ ಹಿಡಿ ಹಾಕುತ್ತ, ಸದ್ದು ಕೇಳದಾಗುವವರೆಗೂ ಕೂತಳು.