ಹಾಲು ಕರೆಯುವವರ ಐಸ್ ಹಾಕಿ ತಂಡ

ಸೌದಿಯ ಅಲ್ ಖರ್ಜ್‌ನ ಅಬು ನಾಸಿರ್‌ಗೆ ದುಡ್ಡಿಗೂ ಕೊರತೆಯಿರಲಿಲ್ಲ, ಹಸುಗಳಿಗೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಕೆಲಸಕ್ಕೆ ಮಾತ್ರ. ಅವನ ಡೇರಿ, ಐಸ್‌ಕ್ರೀಮ್ ಕಾರ್ಖಾನೆ ಎರಡೂ ಅವನ ಹಂಗಿಲ್ಲದೆ ತಮ್ಮ ಪಾಡಿಗೆ ನಡೆಯುತ್ತಿದ್ದವು. ಹೀಗೆ ಕೈ ಕಟ್ಟಿ ಕೂತ ಮನುಷ್ಯ ತೊಂಬತ್ತಮೂರರ ಚಳಿಗಾಲದಲ್ಲಿ ಹಾಲಿನ ಯಂತ್ರ ಕೊಳ್ಳಲೆಂದು ಕೆನಡಾಕ್ಕೆ ಹೋದ. ಯಂತ್ರ ಮಾರುವವರು ಅವನನ್ನು ಖುಷಿಪಡಿಸಲು ಒಂದು ಸಂಜೆ ಐಸ್ ಹಾಕಿ ಪಂದ್ಯಕ್ಕೆ ಕರೆದೊಯ್ದರು. ಯಂತ್ರ ಅಲ್ಲೇ ಉಳಿಯಿತು. ಅಬು ನಾಸಿರ್ ತಲೆಯೊಳಗೆ ಹುಳ ಬಿಟ್ಟುಕೊಂಡು ವಾಪಸಾದ.

"ಯಾ ಜೆಫ್ರಿ, ನಮಗೊಂದು ಐಸ್ ಹಾಕಿ ತಂಡ ಬೇಕು. ಸುಮ್ಮನೆ ಆಡುವವರಲ್ಲ, ಸಂಬಳ ತಗೊಂಡು ಆಡುವವರು. ನಿನ್ನ ದೇಶದಲ್ಲಿ ಹಾಕಿ ಉಂಟಲ್ಲ? ಯಲ್ಲಾ, ಕರೆಸು!" ಎಂದ.

ಜೆಫ್ರಿ ಮಂಗಳೂರಿನ ಕುಲಶೇಖರದವನು, ಆ ಆಫೀಸಿನ ಗುಮಾಸ್ತ. ನಮ್ಮಲ್ಲಿ ಹಾಕಿ ಆಡುವುದು ಮಣ್ಣಿನ ಮೇಲೆ, ನಾವು ಮಂಜುಗಡ್ಡೆ ನೋಡುವುದು ಕಬ್ಬಿನ ಹಾಲಿನ ಲೋಟದಲ್ಲಿ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ವೀಸಾ ಕೊಟ್ಟ ಧಣಿಯಾದ ಕಫೀಲನ ಎದುರು 'ಇಲ್ಲ' ಎನ್ನುವ ಅಭ್ಯಾಸ ಅವನಿಗೆ ಮೊದಲೇ ಇರಲಿಲ್ಲ. ಮೇಲಾಗಿ ಅವನಿಗೆ ಕಫೀಲನಿಂದ ಒಂದು ಉಪಕಾರ ಬೇಕಿತ್ತು.

ಅವನ ಇಕಾಮಾದಲ್ಲಿ, ಅಂದರೆ ಅಲ್ಲಿ ನೆಲೆಸುವ ಪರವಾನಗಿಯಲ್ಲಿ, ವೃತ್ತಿಯ ಜಾಗದಲ್ಲಿ 'ಗುಮಾಸ್ತ' ಎಂದಿತ್ತು. ಗುಮಾಸ್ತನಾದವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಯೋಗ್ಯತೆಯಿಲ್ಲ ಎಂಬುದು ನಿಯಮ. ಮ್ಯಾನೇಜರನಿಗೆ ಉಂಟು. ಮ್ಯಾನೇಜರನಿಗೆ ಸಂಸಾರದ ಆಸೆ ಜಾಸ್ತಿ ಎಂದು ಯಾರೋ ಕಂಡುಹಿಡಿದಿರಬೇಕು. ಲವಿನಾಳನ್ನು ಮದುವೆಯಾಗಿ ಆರು ವರ್ಷವಾಗಿತ್ತು. ರಜೆಗಳನ್ನೆಲ್ಲ ಕೂಡಿಸಿದರೂ ಒಟ್ಟಿಗೆ ಬಾಳಿದ್ದು ಆರು ತಿಂಗಳಾಗುತ್ತಿರಲಿಲ್ಲ. ಮಗಳು ವಿನ್ನಿ ಅವನನ್ನು ಫೋನಿನಲ್ಲಿ ಮಾತ್ರ ಅಪ್ಪ ಎನ್ನುತ್ತಿದ್ದಳು. ಎದುರಿಗೆ ಬಂದರೆ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿದ್ದಳು.

"ತಂಡಕ್ಕೆ ಮ್ಯಾನೇಜರ್ ಬೇಕಲ್ಲ, ಬಾಬಾ?" ಎಂದು ಜೆಫ್ರಿ ಮೆಲ್ಲಗೆ ಕೇಳಿದ.

ಅಬು ನಾಸಿರ್ ನಕ್ಕ. "ಒಂದು ಪಂದ್ಯ ಗೆದ್ದು ತೋರಿಸು. ಅವತ್ತೇ ನಿನ್ನ ಇಕಾಮಾದಲ್ಲಿ ಮ್ಯಾನೇಜರ್ ಅಂತ ಬರೆಸ್ತೇನೆ. ನಿನ್ನ ಮದಾಮ್ ಬರಲಿ."

ಒಂದೇ ಒಂದು ಪಂದ್ಯ. ಜೆಫ್ರಿ ಅಂದೇ ಊರಿಗೆ ಫೋನ್ ಮಾಡಿದ. ಸೌದಿಗೆ ಹಾಕಿ ಆಟಗಾರರು ಬೇಕಂತೆ ಎಂದು ಲವಿನಾ ಪೂಜೆ ಮುಗಿಸಿ ಬರುವಾಗ ಇಗರ್ಜಿಯ ಮೆಟ್ಟಿಲ ಮೇಲೆ ಯಾರಿಗೋ ಹೇಳಿದಳು. ಅಷ್ಟೇ ಸಾಕಾಯಿತು. ಮುಂದಿನ ಆದಿತ್ಯವಾರದೊಳಗೆ ಆ ಇಗರ್ಜಿಯ ವ್ಯಾಪ್ತಿಯಲ್ಲಿ ಹಾಕಿ ಆಡದ ಗಂಡಸೇ ಉಳಿಯಲಿಲ್ಲ. ಟೈಲರ್ ಹಾಕಿ ಆಡಿದವನಾದ, ಮದುವೆ ಬ್ಯಾಂಡಿನಲ್ಲಿ ಡೋಲು ಬಾರಿಸುವವನು ರಾಜ್ಯಮಟ್ಟದ ಆಟಗಾರನಾದ. ಹಾಗೆ ನೋಡಿದರೆ, ನಿಜವಾಗಿ ಶಾಲೆಯ ತಂಡದಲ್ಲಿ ಆಡಿದ್ದ ಮೂವರು ಇದ್ದರು. ಉಳಿದವರೆಲ್ಲ ಯಾರ್‍ಯಾರದೋ ಭಾವಮೈದುನಂದಿರು.

ಜೆಫ್ರಿಗೂ ಒಬ್ಬ ಭಾವಮೈದುನನಿದ್ದ. ಲವಿನಾಳ ತಮ್ಮ ಮ್ಯಾಕ್ಸ್‌ವೆಲ್, ಬಾಗಿಲು ತುಂಬುವಷ್ಟು ದೊಡ್ಡ ಆಳು. ಬಂದರಿನ ಧಕ್ಕೆಯಲ್ಲಿ ಮೀನಿನ ದೋಣಿಗಳಿಗೆ ಐಸ್ ಹೊರುವ ಕೆಲಸ ಮಾಡುತ್ತಿದ್ದ. "ಅವನಿಗೂ ಒಂದು ದಾರಿ ಮಾಡಿ. ಅಮ್ಮನಿಗೆ ಅವನದ್ದೇ ಚಿಂತೆ," ಎಂದು ಲವಿನಾ ಬೇಡಿಕೊಂಡಳು. ಇಡೀ ತಂಡದಲ್ಲಿ ಮಂಜುಗಡ್ಡೆಯ ಅನುಭವ ಇದ್ದವನು ಇವನೊಬ್ಬನೇ ಎಂದು ಜೆಫ್ರಿ ಅವನನ್ನು ಗೋಲ್‌ಕೀಪರ್ ಮಾಡಿದ.

ವೀಸಾಗಳದ್ದು ಇನ್ನೊಂದು ಕತೆ. ಐಸ್ ಹಾಕಿ ಆಟಗಾರ ಎಂಬ ವೃತ್ತಿ ಯಾವ ಕಚೇರಿಯಲ್ಲೂ ಇರಲಿಲ್ಲ. ಅಬು ನಾಸಿರ್‌ನ ಬಳಿ ಉಳಿದಿದ್ದದ್ದು ಹಸುವಿನ ಹಾಲು ಕರೆಯುವವರ ವೀಸಾ. ಹೀಗಾಗಿ 'ಖರ್ಜ್ ಗಿಡುಗಗಳು' ಎಂಬ ವೃತ್ತಿಪರ ತಂಡದ ಹದಿನೈದು ಮಂದಿಯೂ ದಾಖಲೆಯ ಪ್ರಕಾರ ಹಾಲು ಕರೆಯುವವರು. ರಸ್ತೆಯ ತಪಾಸಣೆಯಲ್ಲಿ ಪೊಲೀಸರು ಬಸ್ ನಿಲ್ಲಿಸಿದರೆ, ಹೆಲ್ಮೆಟ್ಟು, ಮೊಣಕಾಲು ಕವಚ, ಬಾಗಿದ ಕೋಲು ಇವನ್ನೆಲ್ಲ ನೋಡಿ, ಈ ಡೇರಿಯ ಹಸುಗಳು ಇಷ್ಟು ಒದೆಯುತ್ತವೆಯೇ ಎಂದು ಕೇಳುತ್ತಿದ್ದರು.

ಐಸ್‌ಕ್ರೀಮ್ ಇಡುವ ಶೀತಲ ಗೋದಾಮನ್ನೇ ಒಡೆದು ಹಿಗ್ಗಿಸಿ ಅಂಗಣ ಮಾಡಿದರು. ಉಡುಪಿ ಕಡೆಯ ಎ.ಸಿ. ಮೆಕ್ಯಾನಿಕ್ ಚನಿಯ ಅದರ ಉಸ್ತುವಾರಿ. ಜೂನ್ ತಿಂಗಳಲ್ಲಿ ಕಂಪ್ರೆಸರ್ ಕೈಕೊಟ್ಟರೆ ಅಂಗಣ ಕೆರೆಯಾಗುತ್ತಿತ್ತು. ಆಗ ಆಟಗಾರರು ನಿಜವಾಗಿಯೂ ಸಂತೋಷಪಡುತ್ತಿದ್ದರು, ಈಜುವುದು ಎಲ್ಲರಿಗೂ ಬರುತ್ತಿತ್ತು.

ಮೊದಲ ವರ್ಷವಿಡೀ ಅವರು ಆಡಲು ಕಲಿಯಲಿಲ್ಲ, ಅಲಗಿನ ಬೂಟು ತೊಟ್ಟು ನಿಲ್ಲಲು ಕಲಿತರು. ಹಾಲಿನ ಕ್ರೇಟುಗಳನ್ನು ತಳ್ಳಿಕೊಂಡು, ಆಗ ತಾನೆ ಅಂಬೆಗಾಲು ಬಿಟ್ಟ ಮಕ್ಕಳ ಹಾಗೆ ಹೆಜ್ಜೆ ಹಾಕಿದರು. ಎದುರಾಳಿಗಳು ಜುಬೈಲ್‌ನ ರಾಸಾಯನಿಕ ಕಾರ್ಖಾನೆಗಳ ಕೆನಡಾ, ಅಮೆರಿಕದ ಇಂಜಿನಿಯರುಗಳು. ಅವರು ಬಿಡುವಿನ ಹೊತ್ತು ಕಳೆಯಲು ಪುಕ್ಕಟೆ ಆಡುವವರು. ಪುಕ್ಕಟೆಯವರು ಸಂಬಳದವರಿಗೆ ಮೊದಲ ಪಂದ್ಯದಲ್ಲಿ ಇಪ್ಪತ್ತಮೂರು ಗೋಲು ಹೊಡೆದು, ಆಮೇಲೆ ಪಾಪ ಅನಿಸಿ ನಿಲ್ಲಿಸಿದರು. ನಮಾಜಿನ ಹೊತ್ತಿಗೆ ಆಟ ನಿಲ್ಲುತ್ತಿತ್ತು. ಗಿಡುಗಗಳು ಗೋಲು ಬಿಟ್ಟುಕೊಡದೆ ಇದ್ದದ್ದು ಅಷ್ಟು ಹೊತ್ತು ಮಾತ್ರ.

"ಪರವಾಗಿಲ್ಲ, ಆಟ ಬಿಸಿಯಾಗ್ಲಿಕ್ಕೆ ಸಮಯ ಬೇಕು," ಎಂದು ಅಬು ನಾಸಿರ್ ಸಮಾಧಾನ ಹೇಳಿದ. ಅವನಿಗೇನು, ಅವನ ಹೆಂಡತಿ ಮಕ್ಕಳು ಪಕ್ಕದ ಮನೆಯಲ್ಲೇ ಇದ್ದರು.

ಎರಡನೆಯ ವರ್ಷವೂ ಸೋಲೇ. ಆದರೆ ಗೋಲುಗಳು ಕಡಿಮೆಯಾದವು, ಅದಕ್ಕೆ ಕಾರಣ ಮ್ಯಾಕ್ಸ್‌ವೆಲ್. ಕವಚ ತೊಟ್ಟು ಅವನು ಗೋಲಿನ ಮುಂದೆ ಕೂತರೆ ಬಲೆ ಕಾಣುತ್ತಲೇ ಇರಲಿಲ್ಲ. ಚೆಂಡಿನ ಬದಲು ಬಳಸುವ ಆ ರಬ್ಬರ್ ಬಿಲ್ಲೆ ಎಲ್ಲಿಂದ ಬಂದರೂ ಅವನ ಮೈಗೇ ಬಡಿಯಬೇಕು. ಪಂದ್ಯ ಮುಗಿದ ಮೇಲೆ ಮೈ ನೀಲಿಗಟ್ಟಿರುತ್ತಿತ್ತು. "ಧಕ್ಕೆಯ ಕೆಲಸಕ್ಕಿಂತ ಒಳ್ಳೇದು ಭಾವ, ಮೀನಿನ ವಾಸನೆ ಇಲ್ಲ," ಎಂದು ನಗುತ್ತಿದ್ದ. ತಿಂಗಳು ತಿಂಗಳು ಅಮ್ಮ ಲುಯಿಜಾಗೆ ದುಡ್ಡು ಕಳಿಸುತ್ತಿದ್ದ. ಒಳ್ಳೆಯವನು, ಒಳ್ಳೆಯವರಿಗೆ ಆಗುವುದೇ ಅವನಿಗೂ ಆಯಿತು.

ತೊಂಬತ್ತಾರರ ಚಳಿಗಾಲದಲ್ಲಿ ಜೆಫ್ರಿಗೆ ಬುದ್ಧಿ ಹೊಳೆಯಿತು. ಪಂದ್ಯದ ದಿನ ಗೊತ್ತುಮಾಡುವುದು ಅವನ ಕೆಲಸ; ಅವನು ಅದನ್ನು ಕ್ರಿಸ್ಮಸ್ ವಾರಕ್ಕೆ ಇಟ್ಟ. ಕೆನಡಾದವರಿಗೆ ಕ್ರಿಸ್ಮಸ್‌ಗೆ ರಜೆ ಸಿಗುತ್ತಿತ್ತು, ವಿಮಾನ ಹತ್ತಿ ಊರಿಗೆ ಹೋಗುತ್ತಿದ್ದರು. ಕುಲಶೇಖರದ ಕ್ರೈಸ್ತರಿಗೆ ಯಾರು ರಜೆ ಕೊಡುತ್ತಾರೆ? ಹದಿನೈದಕ್ಕೆ ಹದಿನೈದು ಮಂದಿಯೂ ಹಾಜರು. ಅಂತೂ ಹಬ್ಬವಿಲ್ಲದ್ದಕ್ಕೂ ಒಂದು ಉಪಯೋಗವಾಯಿತು.

ಜುಬೈಲ್‌ನವರು ಅರೆಬರೆ ತಂಡದೊಂದಿಗೆ ಬಂದರು. ಬಂದವರಲ್ಲಿ ಇಬ್ಬರಿಗೆ ಐವತ್ತು ದಾಟಿತ್ತು. ಗಿಡುಗಗಳು ಎರಡು ಗೋಲು ಹೊಡೆದವು! ಅಬು ನಾಸಿರ್ ಕುರ್ಚಿ ಮೇಲೆ ಹತ್ತಿ ಕುಣಿದ. ಎದುರಿನವರು ಒಂದು ಹೊಡೆದರು. ಆಗ ಅವರಲ್ಲೊಬ್ಬ ದಾಂಡಿಗ ಜಾರಿಬಂದವನು ತಡೆಯಲಾಗದೆ ಮ್ಯಾಕ್ಸ್‌ವೆಲ್‌ನ ಮಂಡಿಯ ಮೇಲೇ ಬಿದ್ದ. ಕಟ್ಟಿಗೆ ಮುರಿದ ಹಾಗೆ ಒಂದು ಸದ್ದು ಬಂತು.

ಕೊನೆಯ ವಿರಾಮದಲ್ಲಿ ಬೆಂಚಿನ ಮೇಲೆ ಕೂತ ಮ್ಯಾಕ್ಸ್‌ವೆಲ್‌ನ ಮುಖದಲ್ಲಿ ರಕ್ತವಿರಲಿಲ್ಲ. "ಭಾವ, ಕಾಲು ಊರ್ಲಿಕ್ಕೆ ಆಗುದಿಲ್ಲ," ಎಂದ.

"ಬೇರೆ ಗೋಲ್‌ಕೀಪರ್ ಎಲ್ಲಿದ್ದಾನೆ ಮಾರಾಯ? ಇನ್ನು ಇಪ್ಪತ್ತೇ ನಿಮಿಷ."

"ಬೇಡ ಮಾರಾಯ್ರೆ," ಎಂದು ಚನಿಯ ಅಡ್ಡಬಂದ. "ಅವನ ಮುಖ ನೋಡಿ ಒಮ್ಮೆ. ಈಗ್ಲೇ ಆಸ್ಪತ್ರೆಗೆ ಕೊಂಡುಹೋಗುವ."

"ನೀನು ನಿನ್ನ ಕಂಪ್ರೆಸರ್ ನೋಡ್ಕೊ!" ಎಂದು ಜೆಫ್ರಿ ಗದರಿದ. ಅಂಗಣದ ಅಂಚಿನಿಂದ ಐಸ್ ಕೆರೆದು ತಂದು, ತಾನೇ ಮಂಡಿಗೆ ಬಟ್ಟೆ ಬಿಗಿದು ಕಟ್ಟಿದ. ಮಂಡಿ ಬಾತು ತೆಂಗಿನಕಾಯಿಯಷ್ಟಾಗಿತ್ತು. ಅದು ಅವನ ಕೈಗೆ ಚೆನ್ನಾಗಿಯೇ ಗೊತ್ತಾಯಿತು. ಗೊತ್ತಾಗದವನಂತೆ ಅವನು ಗಂಟು ಹಾಕಿದ. "ನಿನ್ನ ಅಕ್ಕನಿಗೋಸ್ಕರ ಮ್ಯಾಕ್ಸಿ. ಇವತ್ತು ಗೆದ್ರೆ ಅವಳು ಬರ್ತಾಳೆ, ವಿನ್ನಿ ಬರ್ತಾಳೆ."

ಮ್ಯಾಕ್ಸ್‌ವೆಲ್ ಹೆಲ್ಮೆಟ್ ಹಾಕಿಕೊಂಡ. "ಅಕ್ಕನಿಗೆ ವೀಸಾ ಸಿಗ್ತದಲ್ಲ? ಹಾಗಾದ್ರೆ ನಿಲ್ತೇನೆ."

ನಿಂತ. ಗೋಲಿನ ಕಂಬಕ್ಕೆ ಆತುಕೊಂಡು, ಒಂದೇ ಕಾಲಿನಲ್ಲಿ ನಿಂತ. ಹೊಡೆತ ಬಂದಾಗಲೆಲ್ಲ ಅದರ ಮುಂದಕ್ಕೆ ಬಿದ್ದ, ಮತ್ತೆ ಯಾರೋ ಎತ್ತಿ ನಿಲ್ಲಿಸಿದರು. ಗಿಡುಗಗಳು ಎರಡು ಒಂದರಿಂದ ಗೆದ್ದವು. ಅಬು ನಾಸಿರ್ ಹತ್ತು ಟ್ರೇ ಐಸ್‌ಕ್ರೀಮ್ ಹಂಚಿಸಿದ. ಚಳಿಯಲ್ಲಿ ನಡುಗುತ್ತಿದ್ದವರೆಲ್ಲ ಕಫೀಲನ ಮುಖ ನೋಡಿ ತಿಂದರು.

ಮಂಡಿಚಿಪ್ಪು ಚೂರುಚೂರಾಗಿದೆ, ಮುರಿದ ಕಾಲಿನ ಮೇಲೆ ನಿಲ್ಲಿಸಿ ಕೆಡಿಸಿದ್ದೀರಿ ಎಂದು ಡಾಕ್ಟರು ಹೇಳಿದರು. ಹಾಲು ಕರೆಯುವವನಿಗೆ ಕೂರಲು ಆಗದಿದ್ದರೆ ಅವನನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಆಫೀಸಿಗೆ ಆಗ ಥಟ್ಟನೆ ನೆನಪಾಯಿತು. ಎರಡು ಸಲ ಆಪರೇಶನ್ ಮಾಡಿಸಿ, ಅಬು ನಾಸಿರ್ ತನ್ನದೇ ಭಾವಚಿತ್ರವಿರುವ ಒಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟು, ಮ್ಯಾಕ್ಸ್‌ವೆಲ್‌ನನ್ನು ಊರಿಗೆ ಕಳಿಸಿದ. ವಿಮಾನದ ಬಾಗಿಲವರೆಗೆ ಗಾಲಿಕುರ್ಚಿ ಕೊಟ್ಟರು. ಆಮೇಲಿನದ್ದು ಲವಿನಾಳ ಪಾಲಿಗೆ.

ಮಾತಿಗೆ ತಪ್ಪುವವನಲ್ಲ ಅಬು ನಾಸಿರ್. ಜೆಫ್ರಿಯ ಇಕಾಮಾದಲ್ಲಿ ಮ್ಯಾನೇಜರ್ ಎಂದು ಬರೆಸಿದ. ಮಾರ್ಚ್‌ನಲ್ಲಿ ಕುಟುಂಬದ ವೀಸಾ ಬಂತು. ಜೆಫ್ರಿ ಆ ಕಾಗದವನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಫೋನ್ ಬೂತಿಗೆ ಓಡಿದ.

"ಲವಿ, ವೀಸಾ ಆಯ್ತು! ನಿನ್ನದು, ವಿನ್ನಿದು, ಎರಡೂ!"

ಅವಳು ಕೇಳಿದಳು, "ಮಂಡಿ ಮುರಿದ ಮೇಲೂ ಅವನನ್ನು ನಿಲ್ಸಿದ್ದು ನೀವಾ?"

"ಯಾರು ಹೇಳಿದ್ದು?"

"ಅವನೇ. ದೂರು ಹೇಳಿದ್ದಲ್ಲ, ಹೆಮ್ಮೆಯಲ್ಲಿ ಹೇಳಿದ್ದು. ಭಾವ ಕಾಲು ಕಟ್ಟಿದ್ರು, ನಾನು ನಿಂತೆ ಅಂತ. ಬಂದವರಿಗೆಲ್ಲ ಹೇಳ್ತಾನೆ."

"ನಿನಗೋಸ್ಕರ ಅಲ್ವಾ ಲವಿ..."

"ನನ್ನನ್ನು ಕೇಳಿದ್ರಾ ನೀವು? ಕೂತ್ರೆ ಏಳ್ಲಿಕ್ಕಾಗುದಿಲ್ಲ ಅವನಿಗೆ. ಬಚ್ಚಲಿಗೂ ನಾನೇ ಹಿಡ್ಕೊಂಡು ಹೋಗ್ಬೇಕು. ಅಮ್ಮನಿಂದ ಆಗ್ತದಾ ಅವನನ್ನು ಎತ್ಲಿಕ್ಕೆ? ನಾನು ಬಂದ್ರೆ ಅವನನ್ನು ಯಾರು ನೋಡುದು?"

ಮೂರು ವರ್ಷ ಈ ಫೋನಿನ ಮಾತುಗಳನ್ನೇ ಜೆಫ್ರಿ ಮನಸ್ಸಿನಲ್ಲಿ ಆಡಿ ನೋಡಿದ್ದ. ಅದರಲ್ಲಿ ಹೆಂಡತಿಯ ಮಾತು ಬೇರೆ ಇತ್ತು.

"ಆ ವೀಸಾ ನಿಮ್ಮ ಕಫೀಲನಿಗೇ ವಾಪಸ್ ಕೊಡಿ," ಎಂದು ಲವಿನಾ ಫೋನ್ ಇಟ್ಟಳು.

ಮ್ಯಾನೇಜರ್ ಆದವನು ಕಾರ್ಮಿಕರ ಕ್ಯಾಂಪಿನಲ್ಲಿ ಇರುವಂತಿಲ್ಲ ಎಂದು ಕಂಪನಿಯ ನಿಯಮ. ಏಪ್ರಿಲ್‌ನಲ್ಲಿ ಜೆಫ್ರಿಗೆ ಎರಡು ಕೋಣೆಯ ಮನೆ ಸಿಕ್ಕಿತು. ಚನಿಯ ಎ.ಸಿ. ಸರಿಮಾಡಲು ಬಂದ. ಮಗುವಿನ ಮಂಚ ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಆ ಸಣ್ಣ ಕೋಣೆಯ ಎ.ಸಿ.ಯ ಸ್ವಿಚ್ ಆರಿಸಿ, ಬಾಗಿಲೆಳೆದುಕೊಂಡು ಹೋದ.